ಕಾಗದದ ಮೂಟೆ, ಕಡಲೆಬೀಜದ ಮೂಟೆ: ಅಭಿಮಾನಿಗಳ ಮಾತು ವಾಹಿನಿಗಳ ಲೆಕ್ಕಕ್ಕೆ ಬಂದ ಬಗೆ

1968ರ ಮಾರ್ಚ್ 1ರ ರಾತ್ರಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಆ ವಾರದ ಕಂತು ಮುಗಿಯುತ್ತಿದ್ದಂತೆ, ಅಮೆರಿಕದ ಎನ್‌ಬಿಸಿ ವಾಹಿನಿಯ ಉದ್ಘೋಷಕರ ದನಿ ಕೇಳಿಬಂತು: ಧಾರಾವಾಹಿ ಮುಂದುವರಿಯಲಿದೆ. ಇಷ್ಟು ಸಣ್ಣ ಸಂಗತಿಯನ್ನು ಪ್ರಸಾರದಲ್ಲೇ ಸಾರಿ ಹೇಳಬೇಕಾಗಿ ಬಂದದ್ದು, ಹಿಂದಿನ ಮೂರು ತಿಂಗಳಲ್ಲಿ ವಾಹಿನಿಯ ಕಚೇರಿಗೆ ಬಂದು ಬಿದ್ದಿದ್ದ ಪತ್ರಗಳಿಂದಾಗಿ. ವಾಹಿನಿಯೇ ಒಪ್ಪಿಕೊಂಡ ಲೆಕ್ಕದಂತೆ ಅವು ಸುಮಾರು 1,16,000. ಹತ್ತು ಲಕ್ಷವೆಂದು ಅಭಿಮಾನಿಗಳು ಹೇಳಿಕೊಂಡದ್ದುಂಟು. ಅದನ್ನು ಅಭಿಮಾನದ ಖಾತೆಗೆ ಬರೆದುಕೊಳ್ಳುವುದೇ ಸರಿ.

ಜೀನ್ ರಾಡನ್‌ಬೆರಿ ರೂಪಿಸಿದ ಈ ವೈಜ್ಞಾನಿಕ ಧಾರಾವಾಹಿ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿತ್ತು. ನೀಲ್ಸನ್ ಸಂಸ್ಥೆಯ ಪ್ರೇಕ್ಷಕ ಗಣತಿಯಲ್ಲಿ ಅದು ಹೆಚ್ಚು ಮೇಲೇರಲಿಲ್ಲ. ಎರಡನೆಯ ವರ್ಷ ಅದನ್ನು ನಿಲ್ಲಿಸುವ ಸುದ್ದಿ ಹಬ್ಬಿದಾಗ, ಅಭಿಮಾನಿಗಳಾದ ಬೀಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಪತ್ರ ಚಳವಳಿಗೆ ಇಳಿದರು. ವೈಜ್ಞಾನಿಕ ಕಥೆಗಳ ಓದುಗರ ವಿಳಾಸಪಟ್ಟಿಗಳನ್ನು ಕೂಡಿಹಾಕಿ, ಕಲ್ಲಚ್ಚಿನ ಕಾಲ ಮುಗಿದು ಜೆರಾಕ್ಸಿನ ಕಾಲ ಇನ್ನೂ ಮನೆಬಾಗಿಲಿಗೆ ಬಾರದಿದ್ದ ಆ ದಿನಗಳಲ್ಲಿ, ಕೈಯಿಂದ ಸುತ್ತುವ ನಕಲು ಯಂತ್ರದಲ್ಲಿ ಪ್ರತಿ ತೆಗೆದು ಅವರು ಸುತ್ತೋಲೆ ಕಳುಹಿಸಿದರು. ನೀವು ಬರೆಯಿರಿ, ಹತ್ತು ಮಂದಿಗೆ ಹೇಳಿರಿ, ಆ ಹತ್ತು ಮಂದಿ ಮತ್ತೆ ಹತ್ತು ಮಂದಿಗೆ ಹೇಳಲಿ ಎಂಬುದು ಅದರ ಸೂತ್ರ. ಎಲ್ಲರೂ ಸಹಿ ಹಾಕಿದ ಒಂದು ಮನವಿಗಿಂತ ಒಬ್ಬೊಬ್ಬರು ತಮ್ಮ ಮಾತಿನಲ್ಲಿ ಬರೆದ ಪತ್ರಕ್ಕೇ ತೂಕ ಹೆಚ್ಚೆಂಬುದನ್ನು ಅವರು ಬಲ್ಲವರಾಗಿದ್ದರು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ತಂತ್ರಜ್ಞಾನ ಸಂಸ್ಥೆ ಕ್ಯಾಲ್ಟೆಕ್‌ನ ವಿದ್ಯಾರ್ಥಿಗಳು ಪಂಜು ಹಿಡಿದು ಬರ್‌ಬ್ಯಾಂಕಿನ ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು. ಇದೆಲ್ಲ ತಾನೇ ತಾನಾಗಿ ಉಕ್ಕಿದ ಜನಾಭಿಪ್ರಾಯವೆಂದು ವಾಹಿನಿಗೆ ತೋರಬೇಕಿತ್ತು. ತೆರೆಮರೆಯಲ್ಲಿ ರಾಡನ್‌ಬೆರಿಯವರ ಬೆಂಬಲವೂ ಇತ್ತು ಎಂಬುದು ಈಗ ಗುಟ್ಟಲ್ಲ.

ಆದರೆ ಗೆದ್ದವರಿಗೆ ಸಿಕ್ಕಿದ್ದು ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತು. ಧಾರಾವಾಹಿಯನ್ನು ಮೆಚ್ಚಿದ ಹರೆಯದವರು ವಾರಾಂತ್ಯಕ್ಕೆಂದು ಹೊರಗೆ ಹೊರಟುಬಿಡುವ ಹೊತ್ತದು. ಮೊದಲು ಮಾತಾಗಿದ್ದ ಸೋಮವಾರದ ಸಮಯ ಕೈತಪ್ಪಿದ್ದರಿಂದ ಮುನಿದ ರಾಡನ್‌ಬೆರಿ ದಿನನಿತ್ಯದ ಉಸ್ತುವಾರಿಯಿಂದ ಹಿಂದೆ ಸರಿದರು, ಖರ್ಚಿಗೂ ಕತ್ತರಿ ಬಿತ್ತು. 1969ರ ಜೂನ್ 3ರಂದು ಕೊನೆಯ ಕಂತು ಪ್ರಸಾರವಾಯಿತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡಂತಿದ್ದರೂ, ಆ ಮೂರನೆಯ ವರ್ಷವೇ ಮುಂದೆ ಧಾರಾವಾಹಿಯನ್ನು ಉಳಿಸಿತು: ಒಟ್ಟು 79 ಕಂತುಗಳಾದ್ದರಿಂದ ಸ್ಥಳೀಯ ಕೇಂದ್ರಗಳು ಅದನ್ನು ಕೊಂಡು ದಿನವೂ ಮರುಪ್ರಸಾರ ಮಾಡುವಷ್ಟು ಸರಕು ಜಮೆಯಾಗಿತ್ತು. 1980ರ ದಶಕದಲ್ಲಿ ನಮ್ಮ ದೂರದರ್ಶನ ಭಾನುವಾರ ಬೆಳಿಗ್ಗೆ ತೋರಿಸಿದ್ದೂ ಈ ಹಳೆಯ ಕಂತುಗಳನ್ನೇ. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಭಿಮಾನಿಗಳ ಸಮ್ಮೇಳನಕ್ಕೆ ಕೆಲವು ನೂರು ಜನ ಬಂದಾರೆಂದು ಸಂಘಟಕರು ಎಣಿಸಿದ್ದರೆ, ಬಂದವರು ಮೂರು ಸಾವಿರಕ್ಕೂ ಹೆಚ್ಚು. 1976ರಲ್ಲಿ ಮತ್ತೊಂದು ಪತ್ರ ಚಳವಳಿಯ ಫಲವಾಗಿ ನಾಸಾದ ಮೊದಲ ಸ್ಪೇಸ್ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಬದಲು, ಧಾರಾವಾಹಿಯ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಬಂತು.

ಪತ್ರದ ಜಾಗಕ್ಕೆ ಮುಂದೆ ಚಿತ್ರವಿಚಿತ್ರ ವಸ್ತುಗಳು ಬಂದವು. ಅಣುಬಾಂಬ್ ದಾಳಿಯ ನಂತರದ ಕ್ಯಾನ್ಸಾಸ್ ರಾಜ್ಯದ ಪುಟ್ಟ ಊರಿನ ಕಥೆಯಾದ ‘ಜೆರಿಕೊ’ವನ್ನು 2007ರ ಮೇ ತಿಂಗಳಲ್ಲಿ ಸಿಬಿಎಸ್ ವಾಹಿನಿ ನಿಲ್ಲಿಸಿತು. ಎರಡನೆಯ ಮಹಾಯುದ್ಧದಲ್ಲಿ ಶರಣಾಗಿರೆಂದ ಜರ್ಮನ್ನರಿಗೆ ಅಮೆರಿಕದ ಸೇನಾಧಿಕಾರಿ ಮೆಕಾಲಿಫ್ ‘ನಟ್ಸ್’ ಎಂದಷ್ಟೇ ಉತ್ತರಿಸಿದ್ದರು. ಧಿಕ್ಕಾರದ ಆ ಮಾತನ್ನೇ ಧಾರಾವಾಹಿಯ ನಾಯಕನೂ ಆಡಿದ್ದ. ‘ಬೀಜಗಳು’ ಎಂಬ ಅದರ ಇನ್ನೊಂದು ಅರ್ಥವನ್ನು ಹಿಡಿದ ಅಭಿಮಾನಿಗಳು ವಾಹಿನಿಗೆ ಇಪ್ಪತ್ತು ಟನ್ನಿಗೂ ಹೆಚ್ಚು ಕಡಲೆಬೀಜ ಕಳುಹಿಸಿದರು. ಸಿಬಿಎಸ್ ಏಳು ಕಂತುಗಳನ್ನು ಮಂಜೂರು ಮಾಡಿ, ಇನ್ನು ಬೀಜ ಕಳುಹಿಸಬೇಡಿ ಎಂದು ಬೇಡಿಕೊಂಡಿತು. ನಿಗದಿತ ಸಮಯಕ್ಕೇ ಟಿವಿ ಮುಂದೆ ಕೂತು ನೋಡುವವರು ಹೆಚ್ಚಬೇಕೆಂಬ ಷರತ್ತನ್ನೂ ಮುಂದಿಟ್ಟಿತು. ಅವರು ಹೆಚ್ಚಲಿಲ್ಲ. 2008ರ ಮಾರ್ಚ್‌ನಲ್ಲಿ ಕಥೆ ಎರಡನೆಯ ಬಾರಿ ಮುಗಿಯಿತು.

ಅಲ್ಲಿಯವರೆಗಿನ ಬೇಡಿಕೆ ಒಂದೇ, ಧಾರಾವಾಹಿ ನಿಲ್ಲದಿರಲಿ ಎಂಬುದು. ನಂತರದ ದೂರು ಕಥೆಯ ಬಗೆಗಿನದು. ವಿಮಾನ ಅಪಘಾತದಲ್ಲಿ ಬದುಕುಳಿದು ದ್ವೀಪದಲ್ಲಿ ಸಿಲುಕಿದವರ ಸುತ್ತ ಆರು ಸೀಸನ್ ಒಗಟು ಹೆಣೆದ ‘ಲಾಸ್ಟ್’ 2010ರ ಮೇ 23ರಂದು ಮುಗಿದಾಗ, ಕಡೆಯ ಹೆಸರುಗಳ ಹಿಂದೆ ಎಬಿಸಿ ವಾಹಿನಿ ವಿಮಾನದ ಅವಶೇಷದ ನಿರ್ಜನ ದೃಶ್ಯಗಳನ್ನು ಸೇರಿಸಿತು. ಅದನ್ನು ಕಂಡ ಅನೇಕರು ಪಾತ್ರಗಳೆಲ್ಲ ಮೊದಲ ದಿನವೇ ಸತ್ತಿದ್ದವೆಂದು ತಿಳಿದರು. ಹಾಗಲ್ಲ ಎಂದು ವಾಹಿನಿಯೇ ಸ್ಪಷ್ಟಪಡಿಸಿದರೂ ತಪ್ಪು ಗ್ರಹಿಕೆ ಇನ್ನೂ ಸತ್ತಿಲ್ಲ.

‘ಗೇಮ್ ಆಫ್ ಥ್ರೋನ್ಸ್’ನ ಎಂಟನೆಯ ಸೀಸನ್ 2019ರಲ್ಲಿ ಬಂದಾಗ, ಬೇರೆ ಬರಹಗಾರರನ್ನಿಟ್ಟು ಅದನ್ನು ಮತ್ತೆ ತೆಗೆಯಬೇಕೆಂಬ ಆನ್‌ಲೈನ್ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಆರೇ ಕಂತುಗಳಲ್ಲಿ ಕಥೆಯನ್ನು ಓಡಿಸಿಬಿಟ್ಟರೆಂಬ ಆಕ್ಷೇಪದಲ್ಲಿ ಹುರುಳಿತ್ತು ಎಂದೇ ನನ್ನ ಎಣಿಕೆ. ಆದರೆ 1968ರಲ್ಲಿ ಟ್ರಿಂಬಲ್ ದಂಪತಿ ಬೇಡವೆಂದಿದ್ದ ಒಟ್ಟು ಸಹಿಯ ಮನವಿಯೇ ಇಲ್ಲಿ ಮರಳಿ ಬಂದಿತ್ತು. ಧಾರಾವಾಹಿಯ ವಾಹಿನಿ ಎಚ್‌ಬಿಒ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಸೀಸನ್ನಿಗೆ ಅತ್ಯುತ್ತಮ ಡ್ರಾಮಾ ಸರಣಿಯ ಎಮ್ಮಿ ಪ್ರಶಸ್ತಿ ಬಂತು. ಅಮೆರಿಕದಲ್ಲಿ ಅದರ ಕೊನೆಯ ಕಂತನ್ನು ಪ್ರಸಾರದ ರಾತ್ರಿಯೇ ನೋಡಿದವರು 1.93 ಕೋಟಿ.