ಬಟ್ಟೆ ಕಟ್ಟಿಕೊಂಡು ನದಿಗಿಳಿದ ಟ್ಯಾಂಕು

2024ರ ಜೂನ್ 28ರಂದು ಲಡಾಖ್‌ನ ಶ್ಯೋಕ್ ನದಿಯಲ್ಲಿ ನೀರು ದಿಢೀರನೆ ಏರಿತು. ಟಿ-72 ಟ್ಯಾಂಕೊಂದು ಸಿಕ್ಕಿಕೊಂಡು ಐವರು ಯೋಧರು ತೀರಿಕೊಂಡರು. ಇಷ್ಟು ಭಾರದ ಗಾಡಿಯನ್ನು ನೀರಿಗೆ ಯಾಕಾದರೂ ಇಳಿಸಬೇಕು?

ಸೇತುವೆ ಇದ್ದರೆ ಯಾರೂ ಇಳಿಸುವುದಿಲ್ಲ. ಆದರೆ ಹಿಂದೆ ಸರಿಯುವ ಸೇನೆ ಮೊದಲು ಒಡೆಯುವುದೇ ಸೇತುವೆ. ಹೊಸದು ಎದ್ದು ನಿಲ್ಲುವವರೆಗೆ ಆಚೆ ದಡ ಸೇರಿದ ಕಾಲಾಳುಗಳು ಟ್ಯಾಂಕಿಲ್ಲದೆ ಕಾದಾಡಬೇಕು.

ಹಂಗೇರಿಯಲ್ಲಿ ಹುಟ್ಟಿ ಬ್ರಿಟನ್‌ನಲ್ಲಿ ನೆಲೆಸಿದ್ದ ಎಂಜಿನಿಯರ್ ನಿಕೋಲಸ್ ಸ್ಟ್ರಾಸ್ಲರ್ ಇದಕ್ಕೊಂದು ದಾರಿ ಹುಡುಕಿದರು. ಟ್ಯಾಂಕಿನ ಸುತ್ತ ಕ್ಯಾನ್ವಾಸ್ ಪರದೆ. ಒಳಗಿನ ರಬ್ಬರ್ ಕೊಳವೆಗಳಿಗೆ ಗಾಳಿ ತುಂಬಿದರೆ ಅದು ಎದ್ದು ನಿಲ್ಲುತ್ತದೆ. ಉಕ್ಕೆಲ್ಲ ನೀರಿನ ಮಟ್ಟಕ್ಕಿಂತ ಕೆಳಗೆ, ಮೇಲೆ ಕಾಣುವುದು ಬಟ್ಟೆಯ ಅಂಚು ಮಾತ್ರ. ಹಿಂದೆ ಎರಡು ಪ್ರೊಪೆಲರ್, ವೇಗ ಗಂಟೆಗೆ ಸುಮಾರು 7 ಕಿ.ಮೀ. ಈಜುವಾಗ ಫಿರಂಗಿ ಹಾರಿಸುವಂತಿಲ್ಲ. ಹೆಸರು ಡ್ಯೂಪ್ಲೆಕ್ಸ್ ಡ್ರೈವ್, ಚಿಕ್ಕದಾಗಿ ಡಿಡಿ. ಸೈನಿಕರು ಅದನ್ನು ‘ಡೊನಾಲ್ಡ್ ಡಕ್’ ಮಾಡಿಬಿಟ್ಟರು! 1941ರಲ್ಲಿ ಲಂಡನ್ ಬಳಿಯ ಬ್ರೆಂಟ್ ಜಲಾಶಯದಲ್ಲಿ ಪರೀಕ್ಷೆ ಗೆದ್ದಿತು.

ಜಲಾಶಯವೇ ಬೇರೆ, ಸಮುದ್ರವೇ ಬೇರೆ ಅಲ್ವಾ? ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸ್‌ನ ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕದ 741ನೇ ಟ್ಯಾಂಕ್ ಬೆಟಾಲಿಯನ್ ದೂರದಿಂದಲೇ ಡಿಡಿ ಪರದೆ ಕಟ್ಟಿದ 29 ಶರ್ಮನ್ ಟ್ಯಾಂಕುಗಳನ್ನು ನೀರಿಗಿಳಿಸಿತು. ಅಲೆಗಳಿಗೆ ಪರದೆ ಕುಸಿದು 27 ಮುಳುಗಿದವು. ಹಾಗಂತ ಇಡೀ ಯೋಜನೆಯನ್ನೇ ಹಳಿಯುವುದು ಸರಿಯಲ್ಲ. ಅದೇ ದಿನ ಸ್ವೋರ್ಡ್ ತೀರದಲ್ಲಿ ಇಳಿದವುಗಳಲ್ಲಿ ಹೆಚ್ಚಿನವು ದಡ ಸೇರಿದ್ದವು.

ಡಿಡಿಗೆ ಹೇಳಿ ಮಾಡಿಸಿದ ಜಾಗ ಅಂದರೆ ನದಿ. 1945ರ ಮಾರ್ಚ್‌ನಲ್ಲಿ ಜರ್ಮನಿಯ ರೈನ್ ನದಿ ದಾಟುವಾಗ ಅಲೆಯ ಕಾಟವಿರಲಿಲ್ಲ. ತಲೆನೋವಾಗಿದ್ದು ಸೆಳೆತ ಮತ್ತು ಆಚೆ ದಡದ ಕೆಸರು. ಈಜಿ ಬಂದರೂ ಮೇಲೆ ಹತ್ತಲಾಗದಿದ್ದರೆ ಏನು ಪ್ರಯೋಜನ? ಅದಕ್ಕೇ ಬಫಲೋ ಎಂಬ ಉಭಯಚರ ವಾಹನಗಳನ್ನು ಮೊದಲು ಕಳಿಸಿ ದಡದ ಮೇಲೆ ಚಾಪೆಯಂಥ ಹಾಸು ಹಾಸಿದರು.

ಯುದ್ಧದ ನಂತರ ಬಟ್ಟೆಯ ಪರದೆ ಹಿಂದೆ ಬಿತ್ತು. ಸೋವಿಯತ್ ಒಕ್ಕೂಟ ಹುಟ್ಟಿನಿಂದಲೇ ತೇಲುವ, ತೆಳು ಕವಚದ ಪಿಟಿ-76 ಮಾಡಿತು. 1971ರ ಡಿಸೆಂಬರ್‌ನಲ್ಲಿ ಭಾರತೀಯ ಸೇನೆ ಬಾಂಗ್ಲಾದ ಮೇಘನಾ ನದಿಗೆ ಇಳಿಸಿದ್ದು ಇದನ್ನೇ. ನದಿ ವಿಪರೀತ ಅಗಲ, ಎಂಜಿನ್ ಬಿಸಿಯೇರುವ ಕಾಟ ಬೇರೆ. ನಾಡದೋಣಿಗಳ ನೆರವು ಪಡೆಯಬೇಕಾಯಿತು. ಅಲ್ಲಿ ಭಾರತೀಯ ಪಡೆಯನ್ನು ಮುನ್ನಡೆಸುತ್ತಿದ್ದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಟ್ಯಾಂಕುಗಳಿಗಾಗಿ ಕಾಯಲಿಲ್ಲ. ಕಾಲಾಳುಗಳನ್ನು ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಆಚೆ ದಡಕ್ಕೆ ಇಳಿಸಿದರು.