ಗಿಟಾರಿಗೆ ತೇವ ಬೇಕು, ಗೋಡೆಗೆ ಬೇಡ

ಆಷಾಢದಲ್ಲಿ ನಮ್ಮ ಮನೆಯ ನಡುಮನೆ ಬಾಗಿಲು ಬಿಗಿದುಕೊಂಡಿತು. ಹೆಗಲು ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಅಂಚು ಸ್ವಲ್ಪ ಕೀಸಿಸೋಣವೆಂದು ದಾವಣಗೆರೆಯ ಹಳೇಪೇಟೆ ಕಡೆಯ ಬಡಗಿ ಅಜ್ಜ ಒಬ್ಬರನ್ನು ಕರೆತಂದೆ. ಅವರು ಬಾಗಿಲಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು, ಚೌಕಟ್ಟಿನ ಸಂದಿಗೆ ಒಂದು ತುಂಡು ಕಾಗದ ತೂರಿಸಿ ನೋಡಿದರು, ಉಪಕರಣದ ಚೀಲವನ್ನು ಮಾತ್ರ ಬಿಚ್ಚಲೇ ಇಲ್ಲ. “ಈಗ ಕೀಸಿದರೆ ಬೇಸಿಗೆಯಲ್ಲಿ ಈ ಸಂದಿಯೊಳಗೆ ಬೆರಳು ಹೋಗುತ್ತದೆ, ತಮ್ಮಾ. ದಸರೆ ಕಳೆಯಲಿ, ತಾನೇ ಸಡಿಲವಾಗುತ್ತದೆ” ಎಂದು ಚಹಾ ಕುಡಿದು ಹೊರಟುಹೋದರು.

ನಮ್ಮ ಓದುಗುಂಪಿನಲ್ಲಿ ಈ ಸಲ ನನ್ನ ಪಾಲಿಗೆ ಬಂದಿರುವ ವಿಷಯ, ಹಳೆಯ ಗಿಟಾರ್ ಕಾರ್ಖಾನೆಯೊಂದರ ಕಟ್ಟಡವನ್ನು ನವೀಕರಿಸುವಾಗ ಅಲ್ಲಿನ ಕಸುಬನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು. ಪುಸ್ತಕ ತೆರೆದ ಮೊದಲ ದಿನ ಇದು ನಮಗೆ ದೂರದ ವಿಷಯವೆನಿಸಿತ್ತು. ಅಜ್ಜ ಹೋದ ಮೇಲೆ ಹಾಗೆನಿಸಲಿಲ್ಲ. ಇಡೀ ಪಾಠದ ತಿರುಳು ಆ ಬಾಗಿಲಿನಲ್ಲೇ ಇದೆ.

ಮೊದಲು ಊರು ಮತ್ತು ಇತಿಹಾಸ, ಬೇಗನೆ ಮುಗಿಸುತ್ತೇನೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಲಮಜೂ ಎಂಬ ಊರಿದೆ. ಆರ್ವಿಲ್ ಗಿಬ್ಸನ್ ಎಂಬಾತ ಪಿಟೀಲಿನಂತೆ ಉಬ್ಬಿಸಿ ಕೆತ್ತಿದ ಮುಖಹಲಗೆಯ ಮ್ಯಾಂಡೊಲಿನ್ ಮಾಡಿ 1898ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನಲ್ಲಿ 1902ರಲ್ಲಿ ಕಂಪನಿ ಹುಟ್ಟಿತು. 1917ರಲ್ಲಿ ಕಂಪನಿ ಪಾರ್ಸನ್ಸ್ ಬೀದಿಯ 225ನೇ ಸಂಖ್ಯೆಯ ಇಟ್ಟಿಗೆ ಕಟ್ಟಡಕ್ಕೆ ಬಂತು. 1922ರ ಎಫ್-5 ಮ್ಯಾಂಡೊಲಿನ್, ಎಲ್-5 ಗಿಟಾರ್, 1952ರ ಲೆಸ್ ಪಾಲ್ ಎಂಬ ವಿದ್ಯುತ್ ಗಿಟಾರ್ ಎಲ್ಲವೂ ಇಲ್ಲಿಂದ ಹೊರಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಗಿಟಾರ್ ಮಾಡಿದವರಲ್ಲಿ ಬಹುಪಾಲು ಹೆಂಗಸರು. 1970ರ ದಶಕದಲ್ಲಿ ಗಿಬ್ಸನ್ ಕಂಪನಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಹೊಸ ಕಾರ್ಖಾನೆ ತೆರೆದು, 1984ರಲ್ಲಿ ಕಲಮಜೂ ಘಟಕಕ್ಕೆ ಬೀಗ ಹಾಕಿತು. ಊರು ಬಿಟ್ಟು ಹೋಗಲೊಪ್ಪದ ಕೆಲವು ಹಳೆಯ ಕೆಲಸಗಾರರು ಹಳೆಯ ಯಂತ್ರಗಳಲ್ಲಿ ಕೆಲವನ್ನು ಕೊಂಡು, ಅದೇ ಕಟ್ಟಡದಲ್ಲಿ 1985ರಲ್ಲಿ ‘ಹೆರಿಟೇಜ್’ ಎಂಬ ಹೆಸರಿನಲ್ಲಿ ಗಿಟಾರ್ ಮಾಡಲು ತೊಡಗಿದರು. 2016ರಲ್ಲಿ ಅದು ಹೊಸ ಮಾಲೀಕರ ಕೈಸೇರಿತು. ಕಟ್ಟಡ ಸರಿಪಡಿಸುವ ಕೆಲಸವೂ ಕಂಪ್ಯೂಟರ್ ಆಜ್ಞೆಯಂತೆ ಕೆತ್ತುವ ಸಿಎನ್‌ಸಿ ಯಂತ್ರಗಳ ಮಾತೂ ಆಮೇಲೆ ಬಂದವು.

ಮಿಲ್ಲು ಮುಚ್ಚಿದ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಒಂದೊಂದಾಗಿ ನಿಂತಾಗ ಯಂತ್ರ ಗುಜರಿಗೆ ಹೋಯಿತು, ಜಾಗ ನಿವೇಶನಗಳಾಯಿತು. ಕೆಲಸಗಾರರೇ ಯಂತ್ರ ಕೊಂಡು ಅದೇ ಸೂರಿನಡಿ ಮುಂದುವರಿದದ್ದು ಕಲಮಜೂವಿನ ವಿಶೇಷ.

ಈಗ ಪಾಠಕ್ಕೆ ಬರುತ್ತೇನೆ.

ಅಮೆರಿಕದ ನಿಯಮಗಳಲ್ಲಿ ಹಳೆಯ ಕಟ್ಟಡವನ್ನು ನೋಡಿಕೊಳ್ಳಲು ನಾಲ್ಕು ಬಗೆ ಹೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಕಾಪಾಡುವುದು. ಇಂದಿನ ಬಳಕೆಗೆ ಒಗ್ಗಿಸುತ್ತಲೇ ಮುಖ್ಯ ಲಕ್ಷಣಗಳನ್ನು ಉಳಿಸುವುದು. ಒಂದು ನಿರ್ದಿಷ್ಟ ಕಾಲದ ರೂಪಕ್ಕೆ ಮರಳಿಸುವುದು. ಇಲ್ಲವಾದದ್ದನ್ನು ಮತ್ತೆ ಕಟ್ಟುವುದು. ಕೆಲಸ ನಡೆಯುತ್ತಿರುವ ಕಾರ್ಖಾನೆಗೆ ಹೊಂದುವುದು ಎರಡನೆಯದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ನಾಲ್ಕೂ ಕಟ್ಟಡವನ್ನು ಕುರಿತವು. ಒಳಗೆ ಕೂತು ಕೆಲಸ ಮಾಡುವವನ ಕೈ ಇವುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೈಕಸುಬನ್ನು ಅಮೂರ್ತ ಪರಂಪರೆ ಎಂದು ಗುರುತಿಸಿದ್ದು 2003ರ ಯುನೆಸ್ಕೋ ಒಪ್ಪಂದ. ಇಟಲಿಯ ಕ್ರೆಮೋನಾದ ಪಿಟೀಲು ತಯಾರಿಕೆ 2012ರಲ್ಲಿ ಆ ಒಪ್ಪಂದದ ಪಟ್ಟಿಗೆ ಸೇರಿತು. ಹೀಗೆ ಗೋಡೆಗೆ ಒಂದು ಕಡತ, ಕೈಗೆ ಇನ್ನೊಂದು ಕಡತ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿದಾಗ ಮಾತ್ರ ಅವು ಒಂದಕ್ಕೊಂದು ಎಲ್ಲಿ ತಾಗುತ್ತವೆ ಎಂಬುದು ಕಾಣುತ್ತದೆ.

ಎಲ್ಲಕ್ಕಿಂತ ಜೋರಾಗಿ ತಾಗುವುದು ತೇವದ ವಿಷಯದಲ್ಲಿ. ಇಲ್ಲಿ ಸ್ವಲ್ಪ ನಿಲ್ಲೋಣ.

ಉಬ್ಬುಮುಖದ ಗಿಟಾರಿನ ಮುಂದಿನ ಹಲಗೆ ಸ್ಪ್ರೂಸ್ ಮರದ್ದು, ಹಿಂದಿನದು ಮೇಪಲ್. ಮುಂದಿನ ಹಲಗೆಯನ್ನು ಕೆಲವೇ ಮಿಲಿಮೀಟರ್ ದಪ್ಪಕ್ಕೆ, ನಡುವೆ ದಪ್ಪವಾಗಿ ಅಂಚಿನ ಬಳಿ ತೆಳುವಾಗಿ ಕೆತ್ತುತ್ತಾರೆ. ಮರ ಗಾಳಿಯ ತೇವ ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಉದ್ದಕ್ಕೆ ಬಹುತೇಕ ಇಲ್ಲವೆಂಬಷ್ಟು, ವರ್ಷದ ಬಳೆಗಳ ಗುಂಟ ಅತಿ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಸುಮಾರು ಅರ್ಧ. ಅದಕ್ಕಾಗಿಯೇ ವಾದ್ಯದ ಹಲಗೆಯನ್ನು ಬಳೆಗಳು ಲಂಬವಾಗಿ ನಿಲ್ಲುವಂತೆ ಸೀಳುತ್ತಾರೆ. ನಮ್ಮ ನಡುಮನೆ ಬಾಗಿಲನ್ನು ಹಾಗೆ ಸೀಳಿರಲಿಲ್ಲವೆಂದು ಕಾಣುತ್ತದೆ! ಗಿಟಾರ್ ಕೆಲಸದ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ 45ರಿಂದ 50ರ ಆಸುಪಾಸಿನಲ್ಲಿ ನಿಂತಿರಬೇಕು. ಒಣಗಾಳಿಯಲ್ಲಿ ಅಂಟಿಸಿದ ಹಲಗೆ ತೇವದ ಊರಿಗೆ ಹೋದರೆ ಉಬ್ಬುತ್ತದೆ. ತೇವದಲ್ಲಿ ಅಂಟಿಸಿದ್ದು ಒಣ ಊರಿಗೆ ಹೋದರೆ ಸೀಳುತ್ತದೆ.

ಮಿಷಿಗನ್‌ನ ಚಳಿಗಾಲವನ್ನು ಇದಕ್ಕೆ ಸೇರಿಸಿ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 4.8 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 21 ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಸುಮಾರು 18 ಗ್ರಾಂ. ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದರೆ ಆವಿ ಅಷ್ಟೇ ಇರುತ್ತದೆ, ಪಾತ್ರೆ ಮಾತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ತುಂಬಿ ತುಳುಕುತ್ತಿದ್ದ ಗಾಳಿ ಕಾಲು ಭಾಗಕ್ಕೆ ಇಳಿಯಿತು. ಇನ್ನೂ ಚಳಿಯಾದರೆ ಇನ್ನೂ ಕಡಿಮೆ. ಹಾಗಾಗಿ ಕಾರ್ಖಾನೆಯ ಒಳಗೆ ಆವಿ ಬಿಡಲೇಬೇಕು.

ಬಿಟ್ಟರೆ ಏನಾಗುತ್ತದೆ? 21 ಡಿಗ್ರಿ, ಶೇ 45ರ ಗಾಳಿಯ ಇಬ್ಬನಿ ಬಿಂದು, ಅಂದರೆ ಆವಿ ನೀರಾಗತೊಡಗುವ ಉಷ್ಣತೆ, ಸುಮಾರು 9 ಡಿಗ್ರಿ. ಹಳೆಯ ಇಟ್ಟಿಗೆ ಗೋಡೆಗೆ ಒಳಗೆ ಬೆಚ್ಚಗೆ, ಹೊರಗೆ ಹಿಮ. ಗೋಡೆಯ ದಪ್ಪದಲ್ಲಿ ಎಲ್ಲೋ ಒಂದು ಕಡೆ 9 ಡಿಗ್ರಿಯ ಗೆರೆ ಹಾದುಹೋಗುತ್ತದೆ. ಒಳಗಿನ ಆವಿ ಗೋಡೆಯೊಳಕ್ಕೆ ನುಸುಳಿ ಆ ಗೆರೆ ದಾಟಿದ ಕೂಡಲೇ ನೀರಾಗುತ್ತದೆ. ಇನ್ನಷ್ಟು ಹೊರಗೆ ಹೋದರೆ ಮಂಜುಗಡ್ಡೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಗೋಡೆಯ ಒಳಮೈಗೆ ಶಾಖನಿರೋಧಕ ಹೊದಿಸಿದರೆ ಇಂಧನ ಉಳಿಯುತ್ತದೆಂದು ಹೊದಿಸುತ್ತಾರೆ. ಆಗ ಕೋಣೆಯ ಬಿಸಿ ಇಟ್ಟಿಗೆಗೆ ತಲುಪದೆ ಅದು ಮೊದಲಿಗಿಂತ ತಣ್ಣಗಾಗುತ್ತದೆ, ತೇವ ಆರುವುದು ನಿಧಾನವಾಗುತ್ತದೆ, ಹಾನಿ ಹೆಚ್ಚಬಹುದು. ಶೀರ್ಷಿಕೆಯಲ್ಲಿ ಹೇಳಿದ ಜಗಳ ಇದೇ.

ಇದಕ್ಕೆ ನನಗೆ ಸರಿಕಂಡ ಉಪಾಯ, ಇಡೀ ಕಟ್ಟಡಕ್ಕೆ ತೇವ ಕೊಡದೆ ಕೋಣೆಯೊಳಗೆ ಕೋಣೆ ಕಟ್ಟುವುದು. ಮರದ ದಾಸ್ತಾನು, ಅಂಟಿಸುವ ಜಾಗ, ಕುತ್ತಿಗೆ ಜೋಡಿಸುವ ಜಾಗ ಇವಿಷ್ಟನ್ನು ಹೊರಗೋಡೆಯಿಂದ ದೂರ, ಕಟ್ಟಡದ ನಡುಭಾಗದಲ್ಲಿ ಇಟ್ಟು ಅಲ್ಲಿಗೆ ಮಾತ್ರ ಆವಿ ಬಿಡಬೇಕು. ಕಚೇರಿ, ಪ್ಯಾಕಿಂಗ್, ನೋಡಲು ಬರುವವರ ಓಡಾಟವನ್ನು ಹೊರಗೋಡೆಯ ಪಕ್ಕಕ್ಕೆ ಸರಿಸಬಹುದು. ಆದರೆ ಹಾಗೆ ಮಾಡಿದರೆ ಕೆತ್ತುವವನಿಗೆ ಕಿಟಕಿಯ ಬೆಳಕು ತಪ್ಪುತ್ತದೆ. ಓರೆಯಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಮರದ ಮೇಲಿನ ಗೀರು, ಉಬ್ಬುತಗ್ಗು ಕಣ್ಣಿಗೆ ಬೀಳುವುದು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಸಿದುಕೊಂಡಂತೆ. ಕೆತ್ತನೆಯ ಮೇಜುಗಳು ಕಿಟಕಿಯ ಬಳಿಯೇ ಇರಲಿ, ಕೆಲಸ ಮುಗಿದ ಹಲಗೆ ಸಂಜೆ ಒಳಕೋಣೆಗೆ ಹೋಗಲಿ ಎಂಬುದು ನನ್ನ ತೀರ್ಮಾನ.

ತೇವದ ಈ ಪಾಠ ನಮ್ಮೂರಿಗೆ ಹೊಸದೇನಲ್ಲ. ಗಾಳಿ ಒಣಗಿದರೆ ಹತ್ತಿಯ ನೂಲು ಪಟಪಟನೆ ಕಡಿಯುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಆ ತೇವ ಆಕಾಶದಿಂದಲೇ ಬರುತ್ತಿತ್ತು. ಬಯಲುಸೀಮೆಯ ಮ್ಯಾಂಚೆಸ್ಟರಿಗೆ ಯಂತ್ರದಿಂದ ತರಬೇಕಾಯಿತು. ನಮ್ಮ ತಾತ ಮಿಲ್ಲಿನಲ್ಲಿದ್ದವರು. ಏಪ್ರಿಲ್ ತಿಂಗಳಲ್ಲಿ ಹೊರಗೆ ತುಟಿ ಒಡೆಯುವ ಬಿಸಿಲಿದ್ದರೂ ಒಳಗೆ ಅಂಗಿ ಮೈಗೆ ಅಂಟಿಕೊಳ್ಳುತ್ತಿತ್ತು ಎನ್ನುತ್ತಿದ್ದರು. ಮಿಲ್ಲಿನವರು ಜಿಪುಣತನಕ್ಕೆ ಕಿಟಕಿ ತೆರೆಯುತ್ತಿರಲಿಲ್ಲ ಎಂದೇ ಚಿಕ್ಕಂದಿನಲ್ಲಿ ನಂಬಿದ್ದೆ.

ಮುಂದಿನದು ಬೆಂಕಿ ಮತ್ತು ದೂಳು. ಗಿಟಾರಿಗೆ ಬಳಿಯುವ ಹಳೆಯ ಬಗೆಯ ಮೆರುಗು ನೈಟ್ರೋಸೆಲ್ಯುಲೋಸ್ ಲ್ಯಾಕರ್. ನೈಟ್ರೋಸೆಲ್ಯುಲೋಸನ್ನು ಹತ್ತಿಬೀಜಕ್ಕೆ ಅಂಟಿಕೊಂಡ ಗಿಡ್ಡ ಎಳೆಗಳಿಂದಲೂ ತಯಾರಿಸುತ್ತಾರೆ ಎಂದು ಓದಿದಾಗ ನಮ್ಮ ಗುಂಪಿನಲ್ಲಿ ಎಲ್ಲರೂ ನಕ್ಕೆವು. ಹತ್ತಿ ನಮ್ಮ ಬೆನ್ನು ಬಿಡುವುದಿಲ್ಲ. ಈ ಲ್ಯಾಕರ್ ತೆಳುವಾಗಿ ಒಣಗುತ್ತದೆ, ರಿಪೇರಿಗೆ ಒಗ್ಗುತ್ತದೆ, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ತೇಲುವ ನಯವಾದ ಮರದ ಪುಡಿಯೂ ಸ್ಫೋಟಿಸಬಲ್ಲದು. ಉಸಿರಿನೊಂದಿಗೆ ವರ್ಷಗಟ್ಟಲೆ ಒಳಹೋದರೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಮರದ ದೂಳು ಇದೆ. ಆದ್ದರಿಂದ ದೂಳೆಳೆಯುವ ಕೊಳವೆ, ಬಣ್ಣದ ಪ್ರತ್ಯೇಕ ಕೋಣೆ, ನೀರು ಚಿಮ್ಮುವ ವ್ಯವಸ್ಥೆ ಇವುಗಳಲ್ಲಿ ‘ಹಳೆಯದನ್ನು ಉಳಿಸಬೇಕು’ ಎಂಬ ವಾದಕ್ಕೆ ಜಾಗವೇ ಇಲ್ಲ. ಕೊಳವೆ ಕಣ್ಣಿಗೆ ಕಂಡರೆ ಕಾಣಲಿ. ಕಸುಬುದಾರನ ಶ್ವಾಸಕೋಶ ಉಳಿಯದೆ ಕಸುಬು ಉಳಿಯುವುದೆಲ್ಲಿ?

ಗೋಡೆಯ ಸಂದು ತುಂಬುವುದರ ಬಗ್ಗೆ ಒಂದೇ ಮಾತು: ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಮೆತ್ತನೆಯ ಹಳೆಯ ಇಟ್ಟಿಗೆಯ ನಡುವೆ ಗಟ್ಟಿ ಸಿಮೆಂಟ್ ತುಂಬಿದರೆ ಒತ್ತಡವೂ ತೇವವೂ ಇಟ್ಟಿಗೆಯ ಪಾಲಿಗೆ ಬೀಳುತ್ತವೆ. ನಮ್ಮ ಊರುಗಳಲ್ಲಿ ಸುಣ್ಣದ ಗಾರೆಯ ಎಷ್ಟೋ ಮನೆಗಳನ್ನು ಹೀಗೆಯೇ ‘ಗಟ್ಟಿ’ ಮಾಡಿ ಕೆಡಿಸಿದ್ದೇವೆ.

ಈಗ ಯಂತ್ರದ ಪ್ರಶ್ನೆ. ಸಿಎನ್‌ಸಿ ಬಂದರೆ ಕಸುಬು ಸತ್ತಂತೆ ಎಂದು ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ವಾದಿಸಿದ. ನಾನು ಒಪ್ಪಲಿಲ್ಲ. ಪಾರ್ಸನ್ಸ್ ಬೀದಿಯ ಕಟ್ಟಡ ಮೊದಲಿನಿಂದಲೂ ಕಾರ್ಖಾನೆ. ಮಾದರಿ ನೋಡಿ ಕೆತ್ತುವ ಯಂತ್ರ, ಪಟ್ಟಿ ಗರಗಸ, ಅಚ್ಚುಗಳು ಅಲ್ಲಿ ಹಳೆಯವೇ. ಯಾವ ಕೆಲಸವನ್ನು ಯಂತ್ರಕ್ಕೆ ಬಿಡುತ್ತೇವೆ ಎಂಬುದನ್ನು ನೋಡಬೇಕು. ಹಲಗೆಯಿಂದ ಹೆಚ್ಚಿನ ಮರವನ್ನು ಒರಟಾಗಿ ತೆಗೆಯುವುದು ಕತ್ತೆಚಾಕರಿ, ಯಂತ್ರ ಮಾಡಲಿ. ಕುತ್ತಿಗೆ ಕೂರಿಸುವುದು ಹಾಗಲ್ಲ. ಕುತ್ತಿಗೆಯ ಬುಡವನ್ನು ಪಾರಿವಾಳದ ಬಾಲದಂತೆ ಅಗಲವಾಗಿ ಕಡಿದು ಒಡಲಿನಲ್ಲಿ ಕೊರೆದ ಕಚ್ಚಿಗೆ ಇಳಿಸಬೇಕು. ಸೀಮೆಸುಣ್ಣ ಬಳಿದು ಇಳಿಸುತ್ತಾರೆ, ಮೇಲೆತ್ತಿ ಗುರುತು ಬಿದ್ದ ಜಾಗ ನೋಡುತ್ತಾರೆ, ಉಳಿಯಿಂದ ಕೂದಲೆಳೆಯಷ್ಟು ಸವರುತ್ತಾರೆ, ಮತ್ತೆ ಇಳಿಸುತ್ತಾರೆ. ಕೋನ ತುಸು ತಪ್ಪಿದರೂ ತಂತಿಯ ಎತ್ತರ ಕೆಡುತ್ತದೆ. ಆ ದಿನದ ಆ ಮರಕ್ಕೆ ಎಷ್ಟು ಸವರಬೇಕೆಂಬುದು ಕೈಗೆ ಮಾತ್ರ ತಿಳಿಯುತ್ತದೆ, ನಮ್ಮ ಬಡಗಿ ಅಜ್ಜನ ಹೆಬ್ಬೆರಳಿಗೆ ದಸರೆಯ ಲೆಕ್ಕ ತಿಳಿದಂತೆ.

ಹಾಗಾಗಿ ನವೀಕರಣದ ಮೊದಲ ನಕ್ಷೆಯಲ್ಲಿ ಗೋಡೆ ಬರೆಯಬಾರದು, ಮರದ ದಾರಿ ಬರೆಯಬೇಕು ಎನ್ನುತ್ತೇನೆ. ಲಾರಿಯಿಂದ ಇಳಿದ ಹಲಗೆ ಎಲ್ಲಿ ಒಣಗುತ್ತದೆ, ಯಾರ ಮೇಜಿಗೆ ಹೋಗುತ್ತದೆ, ಯಾರು ಬೆರಳಿನಿಂದ ತಟ್ಟಿ ನಾದ ಕೇಳುತ್ತಾರೆ, ಅವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗನಿಗೆ ಜಾಗವಿದೆಯೇ? ಮೂಲೆಯಲ್ಲಿ ನೇತುಹಾಕಿದ ಹೆಸರಿಲ್ಲದ ಮರದ ಅಚ್ಚುಗಳನ್ನು ಗುಜರಿಯೆಂದು ಎತ್ತುವ ಮೊದಲು ಪ್ರತಿಯೊಂದೂ ಯಾವ ಕೆಲಸದ್ದೆಂದು ಹಳಬರಿಂದ ಚೀಟಿ ಬರೆಸಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೆನಪಿಸಿಕೊಳ್ಳಿ. ಗುಂಡಿ ಮಗ್ಗವಿದ್ದ ಮನೆಗೆ ನುಣುಪಾದ ಟೈಲ್ಸ್ ಹಾಕಿಸಿದರೆ ಮನೆ ಚೆಂದವಾಗುತ್ತದೆ, ನೇಕಾರ ಕಾಲು ಇಳಿಬಿಡುವ ಗುಂಡಿಯೇ ಮುಚ್ಚಿಹೋಗುತ್ತದೆ.

ಈ ವಿಧಾನ ಒಂದು ಕಡೆ ಸೋಲುತ್ತದೆ, ಅದನ್ನೂ ಬರೆದಿಡುತ್ತೇನೆ. ಕಲಮಜೂವಿನ ಕಾರ್ಖಾನೆಯ ಗುರುತಾಗಿದ್ದದ್ದು ಗಿಬ್ಸನ್ ಎಂಬ ಹೆಸರು ಹೊತ್ತ ಎತ್ತರದ ಚಿಮಣಿ. ಮರ ಆ ಚಿಮಣಿಯ ಮೂಲಕ ಹಾಯುವುದಿಲ್ಲ, ಯಾವ ಕೈಯೂ ಅದನ್ನು ಮುಟ್ಟುವುದಿಲ್ಲ, ಕಾಪಾಡಲು ಖರ್ಚು ಬಹಳ. ನನ್ನ ನಕ್ಷೆಯ ಪ್ರಕಾರ ಅದು ಬೇಡವಾದ ವಸ್ತು. ಗುಂಪಿನಲ್ಲಿ ಹೀಗೆಂದಾಗ, ಅಷ್ಟು ಹೊತ್ತು ಸುಮ್ಮನಿದ್ದ ಗೆಳತಿಯೊಬ್ಬಳು, ನಿಮ್ಮ ತಾತ ಮಿಲ್ಲು ಮುಚ್ಚಿದ ಮೇಲೂ ಸಂಜೆಯ ವಾಕಿಂಗಿಗೆ ಯಾವ ದಾರಿ ಹಿಡಿಯುತ್ತಿದ್ದರು ಎಂದು ಕೇಳಿದಳು. ಮಿಲ್ಲಿನ ಕಾಂಪೌಂಡಿನ ದಾರಿ. ಚಿಮಣಿ ಕಾಣುವ ತಿರುವಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಹಿಂತಿರುಗುತ್ತಿದ್ದರು.