ಕೊಳೆ ಬಂದ ತೋಟ, ಆಳಿಗೊಂದು ಮಾತು

ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಒಬ್ಬ ಅಮ್ಮ ನನ್ನ ಹತ್ತಿರ ಬಂದಿದ್ದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ರಾತ್ರಿ ನಿದ್ದೆ ಇಲ್ಲ, ಯಾರ ಮನೆ ಕಾರ್ಯಕ್ಕೂ ಹೋಗುವುದಿಲ್ಲ ಅಂತ ಮಗ ಶಿವಮೊಗ್ಗಕ್ಕೆ ಕರೆದುಕೊಂಡು ಬಂದಿದ್ದ. ಅವರು ಕೊಡೆ ಮಡಚಿ ಮೂಲೆಗಿಟ್ಟು ಕೂತರು. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಏಳೆಂಟು ಎಳೆ ಅಡಿಕೆ ಕಾಯಿ. ತೊಟ್ಟಿನ ಹತ್ತಿರ ನೀರು ಇಳಿದ ಹಾಗೆ ಕಪ್ಪಗಾಗಿದ್ದವು. ಮೇಲೆಲ್ಲ ಬಿಳಿ ಬೂಸಲು.

"ನೋಡಿ ಮೇಡಂ, ನಾವು ಔಷಧಿ ಹೊಡೆಸಿದ್ವಿ. ನೀಲಿ ಕಲೆ ಇನ್ನೂ ಇದೆ ನೋಡಿ," ಅಂತ ಒಂದು ಕಾಯನ್ನು ಬೆರಳಲ್ಲಿ ತಿರುಗಿಸಿ ತೋರಿಸಿದರು.

ನಾನು ಆಪ್ತಸಮಾಲೋಚಕಿ. ಅಡಿಕೆಯ ರೋಗ ನೋಡುವವಳಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಆ ಕೊಳೆತ ಕಾಯಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಊರಿನ ಒಂದು ಸತ್ಯನಾರಾಯಣ ಪೂಜೆಯ ಊಟದಲ್ಲಿ, ಹಿಂದಿನ ಸಾಲಿನಿಂದ ಅವರಿಗೊಂದು ಮಾತು ಕೇಳಿಸಿತ್ತು: "ಆ ಮನೇಲಿ ಅಸಡ್ಡೆ ಜಾಸ್ತಿ. ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಸಿದ್ರೆ ಕೊಳೆ ಯಾಕೆ ಬರ್ತಿತ್ತು?" ಅವತ್ತಿನಿಂದ ನಿದ್ದೆ ಹೋಗಿತ್ತು.

ಮಲೆನಾಡಿನವರಿಗೆ ಕೊಳೆ ರೋಗದ ಬಗ್ಗೆ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಎಳೆ ಅಡಿಕೆ ಕಾಯಿ ಕೊಳೆತು ಉದುರುವ ರೋಗ ಇದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮುಂಚೆ ಒಂದು ಸಲ ಗೊನೆಗೆ ಹೊಡೆಯಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು. ನೂರು ವರ್ಷದ ಮೇಲಾಯಿತು, ಔಷಧಿ ಯಾವುದು ಅಂತ ಎಲ್ಲರಿಗೂ ಗೊತ್ತು. ಆದರೆ ಎರಡನೇ ಸಲ ಹೊಡೆಯುವ ಹೊತ್ತಿಗೆ ಮಳೆ ಬಿಡುವು ಕೊಡಬೇಕಲ್ಲ? ಒದ್ದೆ ಮರ ಹತ್ತಲು ಜನ ಸಿಗಬೇಕಲ್ಲ? ಆ ಅಮ್ಮನ ಮನೆಯಲ್ಲಿ ಕೊನೆಗೌಡರು (ಮರ ಹತ್ತಿ ಔಷಧಿ ಹೊಡೆಯುವವರು) ಬರುತ್ತೇನೆಂದ ವಾರ ಪೂರ್ತಿ ಜಡಿಮಳೆ. ಮುಂದಿನ ವಾರ ಅವರಿಗೇ ಜ್ವರ. ಅಷ್ಟರಲ್ಲಿ ಕಾಯಿ ಉದುರಲು ಶುರುವಾಗಿತ್ತು.

ಇದ್ಯಾವುದೂ ಊಟದ ಸಾಲಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಉದುರಿದ ಕಾಯಿ ಮತ್ತು ಆ ತೋಟದ ಯಜಮಾನ. ನಾವು ಎಡವಿದರೆ ಕಲ್ಲನ್ನು ಬೈಯುತ್ತೇವೆ. ಬೇರೆಯವರು ಎಡವಿದರೆ ನೋಡಿಕೊಂಡು ನಡೆಯಬಾರದಾ ಅನ್ನುತ್ತೇವೆ. ಮನಸ್ಸಿನ ಈ ಒಲವಿಗೆ 1977ರಲ್ಲಿ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಕಾರಣ ಹುಡುಕುವುದರಲ್ಲಿನ ಮೂಲ ತಪ್ಪು' ಅನ್ನಬಹುದು. ನಡೆದದ್ದಕ್ಕೆ ಮನುಷ್ಯನ ಗುಣವೇ ಕಾರಣ ಅಂತ ಹಿಡಿಯುತ್ತೇವೆ, ಅವನ ಪರಿಸ್ಥಿತಿಯನ್ನು ಬಿಡುತ್ತೇವೆ. ಗುಣದ ಮಾತು ಒಂದೇ ಪದದಲ್ಲಿ ಮುಗಿಯುತ್ತದೆ. ಪರಿಸ್ಥಿತಿ ತಿಳಿಯಬೇಕಾದರೆ ಕೂತು ಕೇಳಬೇಕು.

ಆದರೆ ಸಮಯ ಇಲ್ಲದ್ದಕ್ಕೆ ಮಾತ್ರ ಜನ ಹೀಗೆ ತೀರ್ಪು ಕೊಡುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಮೂರನೇ ಸಲ ಬಂದಾಗ ಆ ಅಮ್ಮ ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಹೇಳಿದರು. "ಮೂರು ವರ್ಷದ ಹಿಂದೆ ಕೆಳಗಿನ ಮನೆಯವರ ತೋಟಕ್ಕೆ ಕೊಳೆ ಬಂದಿತ್ತು ಮೇಡಂ. ಆಗ ನಾನೂ ಇದೇ ಮಾತು ಆಡಿದ್ದೆ. ಇದೇ ಅಸಡ್ಡೆ ಅನ್ನೋ ಮಾತು."

ಯಾಕೆ ಹಾಗೆ ಅಂದಿರಿ ಅಂತ ಕೇಳಿದೆ. ಬೈಯುವ ದನಿಯಲ್ಲಿ ಅಲ್ಲ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಅವರದ್ದು ಅಸಡ್ಡೆ ಅಂದ್ಕೊಂಡ್ರೆ ನಮಗೆ ಬರಲ್ಲ ಅಂತ ಒಂದು ಧೈರ್ಯ ಅಲ್ವಾ," ಅಂದರು.

ಇಷ್ಟು ವರ್ಷದ ಕೆಲಸದಲ್ಲಿ ಈ ವಿಷಯವನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಬ್ಬರೊಂದಿಗೆ 1966ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಬ್ಬಳು ಹೆಂಗಸು ಉತ್ತರ ತಪ್ಪಿದಾಗೆಲ್ಲ ಕರೆಂಟ್ ಶಾಕ್ ತಿನ್ನುತ್ತಾಳೆ. ಉಳಿದವರು ಅದನ್ನು ನೋಡುತ್ತಾರೆ. ಶಾಕ್ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ಅವಳ ಕಷ್ಟ ನಿಲ್ಲಿಸುವ ಅವಕಾಶ ಸಿಕ್ಕಾಗ ಜನ ನಿಲ್ಲಿಸಿದರು, ಅವಳ ಬಗ್ಗೆ ಅಷ್ಟೇನೂ ಕೆಟ್ಟದಾಗಿ ಹೇಳಲಿಲ್ಲ. ಅವಳ ನೋವು ಮುಂದುವರಿಯುತ್ತದೆ, ತಮ್ಮಿಂದ ಏನೂ ಮಾಡಲಾಗದು ಅಂತ ಗೊತ್ತಾದಾಗ ಮಾತ್ರ ಅವಳನ್ನೇ ಕೀಳಾಗಿ ಕಾಣಲು ಶುರುಮಾಡಿದರು. ತಪ್ಪೇ ಮಾಡದವರಿಗೂ ಹೀಗಾಗಬಹುದು ಅಂತ ಒಪ್ಪಿಕೊಳ್ಳುವುದು ಕಷ್ಟ. ನಾಳೆ ನಮಗೂ ಆಗಬಹುದು ಅಂತ ಅದರ ಅರ್ಥ. ಅದಕ್ಕಿಂತ ಅವಳಲ್ಲೇ ಏನೋ ಐಬಿದೆ ಅನ್ನುವುದು ಸುಲಭ. ನಮ್ಮಲ್ಲಿ 'ಮಾಡಿದ್ದುಣ್ಣೋ ಮಹರಾಯ' ಅನ್ನುತ್ತೇವಲ್ಲ, ಆ ಗಾದೆಯನ್ನು ನಾವು ಜಾಸ್ತಿ ಬಳಸುವುದು ನಮಗೆ ಭಯವಾದಾಗಲೇ ಅನ್ನುವುದು ನನ್ನ ಅನಿಸಿಕೆ. ಮಗಳು ಗಂಡನ ಮನೆಯಿಂದ ವಾಪಸ್ ಬಂದರೆ, ಯಾರದೋ ಮಗ ಕುಡಿತಕ್ಕೆ ಬಿದ್ದರೆ, ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದರೆ ನಾವು ಮೊದಲು ಹುಡುಕುವುದು ಅವರ ತಪ್ಪನ್ನು. ಆ ತಪ್ಪು ನಮ್ಮಲ್ಲಿ ಇಲ್ಲ ಅಂತ ಖಾತ್ರಿಯಾದರೆ ರಾತ್ರಿ ನಿದ್ದೆ ಬರುತ್ತದೆ.

ಹಾಗಾದರೆ ಇದು ಮನುಷ್ಯನ ಹುಟ್ಟುಗುಣವಾ? ನನಗೆ ಬಹಳ ಇಷ್ಟವಾದ ಒಂದು ಅಧ್ಯಯನ ಇದೆ. ಅದು ನಡೆದದ್ದು ನಮ್ಮ ಮೈಸೂರಿನಲ್ಲಿ! ಜೋನ್ ಮಿಲ್ಲರ್ ಎಂಬ ಸಂಶೋಧಕಿ ಅದನ್ನು 1984ರಲ್ಲಿ ಪ್ರಕಟಿಸಿದರು. ಅಮೆರಿಕದ ಶಿಕಾಗೋದವರನ್ನೂ ಮೈಸೂರಿನ ಹಿಂದೂಗಳನ್ನೂ ಅವರು ಮಾತಾಡಿಸಿದ್ದರು. ನಿಮಗೆ ಗೊತ್ತಿರುವ ಒಬ್ಬರು ಮಾಡಿದ ಒಳ್ಳೆಯ ಕೆಲಸ ಹೇಳಿ, ತಪ್ಪು ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ. ಇಷ್ಟೇ ಪ್ರಶ್ನೆ. ಮೈಸೂರಿನ ಒಬ್ಬರು ಹೇಳಿದ ಘಟನೆ ಇದು: ವಕೀಲರೊಬ್ಬರ ಬೈಕಿನ ಹಿಂದಿನ ಚಕ್ರ ಒಡೆದು, ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವನನ್ನು ಆಸ್ಪತ್ರೆಗೆ ಬಿಟ್ಟು ಕೋರ್ಟಿಗೆ ಹೋದರು. ಕೊನೆಗೆ ಅವನು ತೀರಿಕೊಂಡ. ಇದೇ ಘಟನೆಯನ್ನು ಅಮೆರಿಕದವರ ಮುಂದಿಟ್ಟರೆ, ಆ ವಕೀಲರಿಗೆ ಜವಾಬ್ದಾರಿ ಇಲ್ಲ ಅಂತ ಗುಣದ ಮಾತು ಬಂತು. ಮೈಸೂರಿನವರು ಜಾಸ್ತಿ ಹೇಳಿದ್ದು ಪರಿಸ್ಥಿತಿಯನ್ನು. ಕೋರ್ಟಿನಲ್ಲಿ ಕಕ್ಷಿದಾರರಿಗೆ ಕೊಟ್ಟ ಮಾತಿತ್ತು, ಪೆಟ್ಟು ಅಷ್ಟು ಜೋರು ಅಂತ ತಿಳಿದಿರಲಿಕ್ಕಿಲ್ಲ, ಹೀಗೆ.

ಎಂಟು, ಹನ್ನೊಂದು ವರ್ಷದ ಮಕ್ಕಳಲ್ಲಿ ಎರಡೂ ದೇಶಗಳ ನಡುವೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ವಯಸ್ಸಾಗುತ್ತ ಅದು ಹೆಚ್ಚಾಗಿತ್ತು. ಅಂದರೆ ಇದು ಕಲಿತದ್ದು. ಎಲ್ಲಿ ಕಲಿಯುತ್ತಾರೆ? ನನ್ನ ಪ್ರಕಾರ ಜಗಲಿಯಲ್ಲಿ, ಅಡುಗೆಮನೆಯಲ್ಲಿ, ದೊಡ್ಡವರ ಮಾತು ಕೇಳಿ. "ಪಾಪ, ಅವನಾದರೂ ಏನು ಮಾಡಿಯಾನು" ಅನ್ನುವ ವಾಕ್ಯ ಮನೆಯಲ್ಲಿ ದಿನಾ ಕೇಳಿದ ಮಗು ಅದನ್ನೇ ಆಡುತ್ತದೆ. ಆ ವಾಕ್ಯ ಈಗ ಮನೆಗಳಲ್ಲಿ ಕಡಿಮೆಯಾಗಿದೆಯೇನೋ ಅಂತ ನನಗೆ ಸಂಕಟವಾಗುತ್ತದೆ. ನಾಲ್ಕೂರು ದೂರದ ಸುದ್ದಿ ಫೋನಿಗೆ ಬರುತ್ತದೆ, ಆದರೆ ಪಕ್ಕದ ಮನೆಯವರ ವಾರ ಹೇಗೆ ಕಳೆಯಿತು ಅನ್ನುವುದು ಗೊತ್ತಿರುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೆಂಡತಿಗೆ ಹೊಡೆಯುವವನನ್ನು ಕರೆದುಕೊಂಡು ಬಂದು "ಅವನಿಗೂ ಟೆನ್ಷನ್ ಇರುತ್ತೆ ಮೇಡಂ" ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಹೊಡೆದ ಅಂತ ತಿಳಿಯುವುದು ಬೇರೆ, ಹೊಡೆದದ್ದನ್ನು ಮನ್ನಿಸುವುದು ಬೇರೆ. ಹೊಡೆದದ್ದು ತಪ್ಪು. ಮೊದಲು ಆಕೆ ಸುರಕ್ಷಿತವಾಗಿರಬೇಕು, ಉಳಿದದ್ದು ಆಮೇಲೆ.

ಬೇರೆಯವರ ಬಗ್ಗೆ ಸಿಟ್ಟು ಹೊತ್ತುಕೊಂಡು ಬರುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಆ ಮನುಷ್ಯನ ಗುಣ ಬಿಡಿ, ಅವತ್ತಿನ ದಿನ ಹೇಳಿ. ಬೆಳಿಗ್ಗೆ ಎಷ್ಟೊತ್ತಿಗೆ ಎದ್ದರು, ಮನೆಯಲ್ಲಿ ಯಾರಿದ್ದರು, ಕೈಯಲ್ಲಿ ಎಷ್ಟು ದುಡ್ಡಿತ್ತು? ಅರ್ಧ ದಾರಿಗೇ ಮಾತು ನಿಲ್ಲುತ್ತದೆ, ಯಾಕೆಂದರೆ ಗೊತ್ತಿರುವುದಿಲ್ಲ. ಬಹಳ ಜನಕ್ಕೆ ಸಿಟ್ಟು ಅಲ್ಲೇ ಸ್ವಲ್ಪ ಸಡಿಲವಾಗುವುದನ್ನು ನೋಡಿದ್ದೇನೆ. ಎಲ್ಲರಿಗೂ ಅಲ್ಲ.

ಆ ಅಮ್ಮನಿಗೂ ಇದೇ ಕೆಲಸ ಕೊಟ್ಟೆ, ಕೆಳಗಿನ ಮನೆಯವರ ಬಗ್ಗೆ. ಅವರು ಯೋಚಿಸಿ ಯೋಚಿಸಿ ಹೇಳಿದರು: "ಆ ವರ್ಷ ಅವರತ್ತೆ ಹಾಸಿಗೆ ಹಿಡಿದಿದ್ರು. ನಂಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ ಅಂದೆ." ಕ್ಷಮೆ ಕೇಳಲಾ ಅಂತ ನನ್ನನ್ನೇ ಕೇಳಿದರು. ಅದನ್ನು ನಾನು ಹೇಳಿಕೊಡಲು ಬರುವುದಿಲ್ಲ ಅಂದೆ.

ಡಿಸೆಂಬರಿನಲ್ಲಿ ಫೋನ್ ಮಾಡಿದ್ದರು. ನಿದ್ದೆ ಪರವಾಗಿಲ್ಲ, ಫಸಲು ಅರ್ಧಕ್ಕರ್ಧ ಹೋಯಿತು ಅಂದರು. ಕೆಳಗಿನ ಮನೆಯಲ್ಲಿ ಅಡಿಕೆ ಸುಲಿಯುವುದಕ್ಕೆ ಜನ ಸಾಲದೆ ಬಂದಿತ್ತಂತೆ. ರಾತ್ರಿ ಊಟ ಮುಗಿಸಿ ಇವರೇ ಹೋದರಂತೆ. "ಮಾತೇನೂ ಆಡಲಿಲ್ಲ. ಮೆಟ್ಟುಗತ್ತಿ ತಗೊಂಡು ಕೂತೆ. ಹನ್ನೊಂದು ಗಂಟೆಗೆ ಅವಳು ಕಾಫಿ ಕೊಟ್ಟಳು, ನಾಳೆನೂ ಬರ್ತೀರಾ ಅಂತ ಕೇಳಿದಳು."